ಒಂದು ರೆಜಿಮೆಂಟಿನ ಬೆನ್ನು ಹಿಡಿದು: ಅಮೆರಿಕದ ಅಂತರ್ಯುದ್ಧದ ರಣಭೂಮಿಯನ್ನು ಓದುವ ಬಗೆ

ಅಮೆರಿಕದ ಅಂತರ್ಯುದ್ಧದ ರಣಭೂಮಿಯೊಂದಕ್ಕೆ ಮೊದಲ ಸಲ ಹೋದವರ ಕಣ್ಣಿಗೆ ಬೀಳುವುದು ಹಸಿರು ಹೊಲ, ಮರದ ಬೇಲಿ, ಸಾಲಾಗಿ ನಿಂತ ಫಿರಂಗಿಗಳು ಮತ್ತು ಲೆಕ್ಕಕ್ಕೆ ಸಿಗದಷ್ಟು ಕಲ್ಲಿನ ಸ್ಮಾರಕಗಳು. ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಒಂದರಲ್ಲೇ ಸ್ಮಾರಕಗಳೂ ಗುರುತುಫಲಕಗಳೂ ಸೇರಿ 1,300ಕ್ಕೂ ಹೆಚ್ಚಿವೆ. ಕಾರಿನಲ್ಲಿ ಕುಳಿತು ಒಂದಾದ ಮೇಲೊಂದನ್ನು ನೋಡುತ್ತ ಸಾಗಿದರೆ ಮಧ್ಯಾಹ್ನದ ಹೊತ್ತಿಗೆ ಹೆಸರುಗಳೆಲ್ಲ ತಲೆಯಲ್ಲಿ ಕಲಸಿಹೋಗುತ್ತವೆ; ಇಲ್ಲಿ ಯಾರು, ಯಾಕೆ, ಹೇಗೆ ಕಾದಿದರು ಎಂಬುದು ಮಾತ್ರ ತಿಳಿಯದೆ ಉಳಿಯುತ್ತದೆ. ಆದ್ದರಿಂದ ನಾನು ಸೂಚಿಸುವ ಕ್ರಮ ಬೇರೆ. ಒಂದು ಕದನವನ್ನು ಆರಿಸಿಕೊಳ್ಳಿ, ಆ ಕದನದಲ್ಲಿ ಒಂದು ರೆಜಿಮೆಂಟನ್ನು ಹಿಡಿಯಿರಿ, ಸಾಧ್ಯವಾದರೆ ಆ ರೆಜಿಮೆಂಟಿನಲ್ಲಿ ಒಬ್ಬ ಸೈನಿಕನನ್ನು ಹುಡುಕಿ, ಅವನು ನಿಂತ ನೆಲದ ಮೇಲೆ ನಿಂತು ಉಳಿದುದನ್ನೆಲ್ಲ ನೋಡಿ.

ಹಿನ್ನೆಲೆಯಾಗಿ ತಿಳಿದಿರಬೇಕಾದುದು ಹೆಚ್ಚೇನಿಲ್ಲ. 1861ರ ಏಪ್ರಿಲ್ 12ರಂದು ದಕ್ಷಿಣ ಕೆರೊಲಿನಾದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿದಲ್ಲಿಂದ 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಾಕ್ಸ್‌ನಲ್ಲಿ ದಕ್ಷಿಣದ ಜನರಲ್ ಲೀ ಶರಣಾಗುವವರೆಗೆ ನಾಲ್ಕು ವರ್ಷ ಈ ಯುದ್ಧ ನಡೆಯಿತು. ದಕ್ಷಿಣದ ರಾಜ್ಯಗಳು ಒಕ್ಕೂಟವನ್ನು ಬಿಟ್ಟು ಹೊರಟದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ. ಮಿಸಿಸಿಪ್ಪಿ, ಟೆಕ್ಸಾಸ್ ಮೊದಲಾದ ರಾಜ್ಯಗಳು ಪ್ರತ್ಯೇಕಗೊಳ್ಳುವಾಗ ಹೊರಡಿಸಿದ ಘೋಷಣೆಗಳಲ್ಲಿ ಇದನ್ನು ತಾವೇ ಸ್ಪಷ್ಟವಾಗಿ ಬರೆದಿವೆ. ಯುದ್ಧದ ಎಷ್ಟೋ ವರ್ಷಗಳ ನಂತರ ಎದ್ದ ಕೆಲವು ಸ್ಮಾರಕಗಳ ಬರಹಗಳು ಈ ಮಾತನ್ನು ಮುಚ್ಚಿಡುತ್ತವೆಯಾದ್ದರಿಂದ, ರಣಭೂಮಿಗೆ ಕಾಲಿಡುವ ಮೊದಲೇ ಆ ಘೋಷಣೆಗಳಲ್ಲಿ ಒಂದನ್ನಾದರೂ ಓದಿರಬೇಕು. ಸತ್ತವರ ಸಂಖ್ಯೆಯನ್ನು ಬಹುಕಾಲ 6,20,000 ಎಂದು ಹೇಳಲಾಗುತ್ತಿತ್ತು. ಜನಗಣತಿಯ ಅಂಕಿಗಳನ್ನು ಆಧರಿಸಿದ ಇತ್ತೀಚಿನ ಅಂದಾಜುಗಳು ಅದಕ್ಕಿಂತ ಹೆಚ್ಚು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಗುಂಡೇಟಿನಿಂದಲ್ಲ, ಭೇದಿ, ವಿಷಮಶೀತಜ್ವರಗಳಂಥ ಕಾಯಿಲೆಗಳಿಂದ ಸತ್ತವರು.

ಓದಲು ತೊಡಗಿದ ಕೂಡಲೇ ಒಂದೇ ಕದನಕ್ಕೆ ಎರಡೆರಡು ಹೆಸರು ಎದುರಾಗಿ ಗೊಂದಲವಾಗುವುದುಂಟು. ಉತ್ತರದವರು ಹೆಚ್ಚಾಗಿ ಹತ್ತಿರದ ತೊರೆಯ ಹೆಸರಿಟ್ಟರು, ದಕ್ಷಿಣದವರು ಹತ್ತಿರದ ಊರಿನ ಹೆಸರಿಟ್ಟರು. ಬುಲ್ ರನ್ ಮತ್ತು ಮನಾಸಸ್ ಒಂದೇ. ಸ್ಟೋನ್ಸ್ ರಿವರ್ ಮತ್ತು ಮರ್ಫ್ರೀಸ್‌ಬರೊ ಒಂದೇ. ಆಂಟೀಟಮ್ ಮತ್ತು ಶಾರ್ಪ್ಸ್‌ಬರ್ಗ್ ಒಂದೇ. ದಾಖಲೆಗಳನ್ನು ಹುಡುಕುವಾಗ ಎರಡೂ ಹೆಸರುಗಳಿಂದ ಹುಡುಕಬೇಕು.

ಮೊದಲ ಪ್ರಯತ್ನಕ್ಕೆ ನಾನು ಮೇರಿಲ್ಯಾಂಡಿನ ಆಂಟೀಟಮನ್ನೇ ಆರಿಸಿಕೊಳ್ಳಲು ಹೇಳುತ್ತೇನೆ. ಗೆಟಿಸ್‌ಬರ್ಗ್ ಮೂರು ದಿನಗಳ ಕದನ. ಆಂಟೀಟಮ್ 1862ರ ಸೆಪ್ಟೆಂಬರ್ 17ರ ಒಂದೇ ದಿನದಲ್ಲಿ ಮುಗಿಯಿತು. ಬೆಳಗಿನ ಹೊತ್ತು ಉತ್ತರದ ಮೆಕ್ಕೆಜೋಳದ ಹೊಲ ಮತ್ತು ಕಾಡಂಚಿನಲ್ಲಿ, ನಡುಹಗಲಿನ ಹೊತ್ತಿಗೆ ಮಧ್ಯದ ತಗ್ಗುದಾರಿಯಲ್ಲಿ, ಮಧ್ಯಾಹ್ನ ದಕ್ಷಿಣದ ಕಲ್ಲಿನ ಸೇತುವೆಯ ಬಳಿ ಹೋರಾಟ ಸಾಗಿದ್ದರಿಂದ, ಉತ್ತರದಿಂದ ದಕ್ಷಿಣಕ್ಕೆ ನಡೆದರೆ ಗಡಿಯಾರದ ಮುಳ್ಳಿನ ಜೊತೆಗೇ ನಡೆದಂತಾಗುತ್ತದೆ. ಸುತ್ತಲಿನ ಹೊಲಗಳು ಇಂದಿಗೂ ಹೊಲಗಳಾಗಿಯೇ ಉಳಿದಿವೆ. ಅಂದು ಎರಡೂ ಕಡೆ ಸೇರಿ ಸುಮಾರು 23,000 ಜನರ ನಷ್ಟವಾಯಿತು; ಆ ದೇಶದ ಇತಿಹಾಸದಲ್ಲಿ ಒಂದೇ ದಿನ ಅಷ್ಟು ರಕ್ತ ಹರಿದ ಕದನ ಮತ್ತೊಂದಿಲ್ಲ. ಆದರೆ ಇಂಥ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಇದರಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲರೂ ಸೇರಿದ್ದಾರೆ. ಅಂದೇ ಪ್ರಾಣಬಿಟ್ಟವರು ಸುಮಾರು 3,600. ಗೆಟಿಸ್‌ಬರ್ಗಿಗೆ ಹೇಳುವ 51,000 ಕೂಡ ಇಂಥದೇ ಒಟ್ಟು ಲೆಕ್ಕ. ಇದನ್ನು ಸತ್ತವರ ಸಂಖ್ಯೆಯೆಂದು ಬರೆದುಬಿಡುವ ತಪ್ಪು ತುಂಬ ಸಾಮಾನ್ಯ.

ಇನ್ನು ರೆಜಿಮೆಂಟ್. ಸುಮಾರು 100 ಜನರ ಒಂದು ಕಂಪನಿ, ಹತ್ತು ಕಂಪನಿಗಳ ಒಂದು ರೆಜಿಮೆಂಟ್, ಕೆಲವು ರೆಜಿಮೆಂಟುಗಳ ಒಂದು ಬ್ರಿಗೇಡ್, ಅದರ ಮೇಲೆ ಡಿವಿಷನ್, ಕೋರ್, ಕೊನೆಗೆ ಸೇನೆ ಎಂಬುದು ಕಾಗದದ ಮೇಲಿನ ಏರ್ಪಾಡು. ಕಂಪನಿಗಳಿಗೆ ಎ ಅಕ್ಷರದಿಂದ ಕೆ ಅಕ್ಷರದವರೆಗೆ ಹೆಸರು. ನಡುವೆ ಜೆ ಇಲ್ಲ. ಕಾಗದದ ಮೇಲೆ 1,000 ಇದ್ದ ರೆಜಿಮೆಂಟು ಒಂದು ವರ್ಷದ ದಂಡಯಾತ್ರೆ, ಕಾಯಿಲೆಗಳ ನಂತರ 300–400 ಜನರೊಂದಿಗೆ ಕಾದಾಟಕ್ಕಿಳಿಯುವುದು ಸಾಮಾನ್ಯವಾಗಿತ್ತು. ಒಂದೊಂದು ಕಂಪನಿಯೂ ಬಹುಪಾಲು ಒಂದೇ ಊರಿನಲ್ಲೋ ಅಕ್ಕಪಕ್ಕದ ಊರುಗಳಲ್ಲೋ ಸೇರಿಸಿದ್ದಾದ್ದರಿಂದ, ಅಕ್ಕಪಕ್ಕ ನಿಂತವರು ಅಣ್ಣತಮ್ಮಂದಿರು, ನೆರೆಮನೆಯವರು, ಒಂದೇ ಶಾಲೆಯಲ್ಲಿ ಓದಿದವರು ಆಗಿರುತ್ತಿದ್ದರು. ಒಂದು ಮಧ್ಯಾಹ್ನದಲ್ಲಿ ಒಂದು ಊರು ತನ್ನ ಹುಡುಗರನ್ನೆಲ್ಲ ಕಳೆದುಕೊಳ್ಳುವುದು ಹೇಗೆ ಸಾಧ್ಯವಾಯಿತು ಎಂಬುದು ಇದರಿಂದ ತಿಳಿಯುತ್ತದೆ, ಮತ್ತು ರೆಜಿಮೆಂಟನ್ನೇ ಅಳತೆಯಾಗಿ ಹಿಡಿಯಿರಿ ಎಂದು ನಾನು ಹೇಳುವುದೂ ಇದಕ್ಕಾಗಿಯೇ.

ಉದಾಹರಣೆಗೆ 51ನೇ ನ್ಯೂಯಾರ್ಕ್ ರೆಜಿಮೆಂಟನ್ನು ತೆಗೆದುಕೊಳ್ಳೋಣ. ಆಂಟೀಟಮಿನ ಕಲ್ಲಿನ ಸೇತುವೆಯನ್ನು ಕೊನೆಗೂ ದಾಟಿದ ಉತ್ತರದ ಎರಡು ರೆಜಿಮೆಂಟುಗಳಲ್ಲಿ ಅದೊಂದು. ಇನ್ನೊಂದು 51ನೇ ಪೆನ್ಸಿಲ್ವೇನಿಯಾ. ನ್ಯೂಯಾರ್ಕ್ ರೆಜಿಮೆಂಟಿನಲ್ಲಿ ಜಾರ್ಜ್ ವಾಷಿಂಗ್ಟನ್ ವಿಟ್ಮನ್ ಎಂಬ, ಬ್ರೂಕ್ಲಿನ್‌ನಿಂದ ಬಂದ ಒಬ್ಬ ಲೆಫ್ಟಿನೆಂಟ್ ಇದ್ದ. ಕವಿ ವಾಲ್ಟ್ ವಿಟ್ಮನ್‌ನ ತಮ್ಮನಾದ್ದರಿಂದ ಅವನು ತಾಯಿಗೆ ಬರೆದ ಪತ್ರಗಳು ಉಳಿದುಬಂದಿವೆ. ಅಣ್ಣನ ಕೀರ್ತಿ ಇಲ್ಲಿ ನಮಗೆ ಮುಖ್ಯವಲ್ಲ. ಕದನದ ನೆಲವನ್ನು ತುಳಿದವನೇ ಆಗಲೇ ಬರೆದಿಟ್ಟ ಮಾತು ಸಿಗುತ್ತದೆ ಎಂಬುದು ಮುಖ್ಯ.

ಹೊರಡುವ ಮೊದಲು ಕಾಗದದ ಕೆಲಸವನ್ನು ಮುಗಿಸಿಕೊಳ್ಳಬೇಕು. ಎರಡೂ ಕಡೆಯ ಅಧಿಕಾರಿಗಳ ವರದಿ, ಆಜ್ಞೆ, ಪತ್ರವ್ಯವಹಾರಗಳನ್ನು ಅಮೆರಿಕದ ಸರ್ಕಾರ 1880ರಿಂದ 1901ರವರೆಗೆ 128 ಗ್ರಂಥಗಳಲ್ಲಿ ಅಚ್ಚುಹಾಕಿಸಿತು. ‘ಅಫಿಷಿಯಲ್ ರೆಕಾರ್ಡ್ಸ್’ ಎಂದು ಕರೆಯುವ ಇವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆಂಟೀಟಮಿನ ವರದಿಗಳು ಮೊದಲ ಸರಣಿಯ 19ನೇ ಸಂಪುಟದಲ್ಲಿವೆ, ಗೆಟಿಸ್‌ಬರ್ಗಿನವು 27ನೆಯದರಲ್ಲಿ. ನಿಮ್ಮ ರೆಜಿಮೆಂಟಿನ ವರದಿಯನ್ನು ಓದಿ, ಅನಂತರ ಅದರ ಎದುರಿಗಿದ್ದವರ ವರದಿಯನ್ನು ತಪ್ಪದೆ ಓದಿ. ವರದಿ ಬರೆದ ಅಧಿಕಾರಿಗೆ ತನ್ನ ಹೆಸರನ್ನು ಕಾಪಾಡಿಕೊಳ್ಳುವ ಅಗತ್ಯವಿತ್ತು ಎಂಬುದನ್ನು ಮರೆಯಬಾರದು. ‘ಶಿಸ್ತಿನಿಂದ ಹಿಂದೆ ಸರಿದೆವು’ ಎಂದು ಒಬ್ಬ ಬರೆದಿರುವ ಜಾಗದಲ್ಲಿ ಎದುರಾಳಿ ‘ಚೆದುರಿ ಓಡಿದರು’ ಎಂದು ಬರೆದಿರಬಹುದು. ಕದನದ ಅದೇ ವಾರ ಮನೆಗೆ ಬರೆದ ಪತ್ರಕ್ಕೂ ಮೂವತ್ತು ವರ್ಷಗಳ ನಂತರ ಬರೆದ ನೆನಪಿಗೂ ನಾನು ಒಂದೇ ತೂಕ ಕೊಡುವುದಿಲ್ಲ. ಈ ಯುದ್ಧದಲ್ಲಿ ಸೈನಿಕರ ಪತ್ರಗಳನ್ನು ಯಾರೂ ತೆರೆದು ಕತ್ತರಿಸುತ್ತಿರಲಿಲ್ಲವಾದ್ದರಿಂದ ಅವರು ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಆಂಟೀಟಮಿಗೆ ಇನ್ನೊಂದು ಅನುಕೂಲವಿದೆ. ಅಂದು 13ನೇ ನ್ಯೂಜೆರ್ಸಿ ರೆಜಿಮೆಂಟನ್ನು ಮುನ್ನಡೆಸಿದ ಎಜ್ರಾ ಕಾರ್ಮನ್ ಎಂಬ ಅಧಿಕಾರಿ ಮುಂದೆ ಬದುಕುಳಿದ ನೂರಾರು ಸೈನಿಕರಿಗೆ ಪತ್ರ ಬರೆದು, ನೀವು ಎಲ್ಲಿ ನಿಂತಿದ್ದಿರಿ, ಎಡಕ್ಕೆ ಯಾರಿದ್ದರು, ಬಲಕ್ಕೆ ಯಾರಿದ್ದರು ಎಂದು ಕೇಳಿ ಕೇಳಿ ಮಾಹಿತಿ ಕೂಡಿಸಿದ. ಆ ಶ್ರಮದ ಫಲವಾಗಿ ಬಂದ 14 ನಕ್ಷೆಗಳು ನಸುಕಿನಿಂದ ಸಂಜೆಯವರೆಗೆ ಪ್ರತಿ ಘಟ್ಟದಲ್ಲೂ ಒಂದೊಂದು ರೆಜಿಮೆಂಟ್ ಎಲ್ಲಿತ್ತು ಎಂಬುದನ್ನು ತೋರಿಸುತ್ತವೆ. ಇವುಗಳಲ್ಲಿ ನಿಮಗೆ ಬೇಕಾದ ಎರಡು ಮೂರು ಹಾಳೆಗಳನ್ನು ಮುದ್ರಿಸಿಕೊಂಡು ಹೋಗಿ; ಬಯಲಿನಲ್ಲಿ ಅವು ಕೈಪಿಡಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಈಗ ಸೇತುವೆಗೆ ಬರೋಣ. 1836ರಲ್ಲಿ ಕಟ್ಟಿದ ಮೂರು ಕಮಾನಿನ ಈ ಸೇತುವೆ 125 ಅಡಿ ಉದ್ದ, ಬರೀ 12 ಅಡಿ ಅಗಲ. ಅದನ್ನು ಗೆಲ್ಲಲು ಹೊರಟ ಜನರಲ್ ಬರ್ನ್‌ಸೈಡನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಮೊದಲು ಪಶ್ಚಿಮದ ದಿಬ್ಬವನ್ನು ಹತ್ತಿ, ದಕ್ಷಿಣದ ಪಡೆಯ ಜಾರ್ಜಿಯಾ ಸೈನಿಕರು ಇದ್ದ ಕಡೆ ನಿಲ್ಲಿ. ತೊರೆಯಿಂದ ಸುಮಾರು 100 ಅಡಿ ಎತ್ತರದ ಕಡಿದಾದ ಆ ದಂಡೆಯ ಮೇಲೆ, ಮರಗಳ ಮತ್ತು ಹಳೆಯ ಕಲ್ಲುಗಣಿಯ ಮರೆಯಲ್ಲಿ, ಐನೂರಕ್ಕೂ ಮೀರದ ಜನ ಕುಳಿತಿದ್ದರು. ಅಲ್ಲಿಂದ ಕೆಳಗೆ ನೋಡಿದರೆ ಸೇತುವೆಯ ಆಚೆ ತುದಿ ಎಷ್ಟು ಹತ್ತಿರವಿದೆಯೆಂದರೆ ಅಲ್ಲಿ ನಿಂತವರ ಮುಖಭಾವವೂ ಕಾಣುತ್ತದೆ. ಅಷ್ಟು ಕಡಿಮೆ ಜನ ಒಂದು ಇಡೀ ಕೋರನ್ನು ಮೂರು ಗಂಟೆ ಹೇಗೆ ತಡೆದರು ಎಂಬ ಪ್ರಶ್ನೆಗೆ ಪುಟಗಟ್ಟಲೆ ಓದಿದರೂ ಸಿಗದ ಉತ್ತರ ಅಲ್ಲಿ ನಿಂತ ಕ್ಷಣದಲ್ಲೇ ಸಿಗುತ್ತದೆ.

ಅನಂತರ ಸೇತುವೆ ದಾಟಿ ಪೂರ್ವದ ಕಡೆಗೆ ಬನ್ನಿ. ತೊರೆಯಲ್ಲಿ ನೀರು ಕಡಿಮೆ ಇರುವ ದಿನಗಳಲ್ಲಿ, ಇಳಿದು ದಾಟಿಬಿಡಬಹುದಿತ್ತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. 11ನೇ ಕನೆಕ್ಟಿಕಟ್ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ಗ್ರಿಸ್‌ವೋಲ್ಡ್ ಅಂದು ಅದನ್ನೇ ಮಾಡಿದ. ನೀರಿಗಿಳಿದು ನಡುವೆ ಸಾಗುತ್ತಿರುವಾಗಲೇ ಗುಂಡು ತಗಲಿ, ಆ ಗಾಯದಿಂದಲೇ ಸತ್ತ. ಒದ್ದೆಯಾದ ಬಟ್ಟೆ, ನೆನೆಯಬಾರದ ಮದ್ದಿನ ಚೀಲ, ಜಾರುವ ದಡ, ತಲೆಯ ಮೇಲಿಂದ ಬೀಳುವ ಗುಂಡು — ಇವುಗಳನ್ನೆಲ್ಲ ಸೇರಿಸಿಕೊಂಡು ಆ ನೀರನ್ನು ನೋಡಬೇಕು. ಕನೆಕ್ಟಿಕಟ್ಟಿನವರ ನಂತರ ಮೇರಿಲ್ಯಾಂಡ್ ಮತ್ತು ನ್ಯೂಹ್ಯಾಂಪ್‌ಶೈರಿನವರು ತೊರೆಗೆ ಸಮಾನಾಂತರವಾದ ರಸ್ತೆಯಲ್ಲಿ ಓಡಿಬಂದು ಸೋತರು. ಮಧ್ಯಾಹ್ನದ ಹೊತ್ತಿಗೆ ಎರಡೂ 51ನೇ ರೆಜಿಮೆಂಟುಗಳಿಗೆ ಆಜ್ಞೆಯಾಯಿತು. ಶಿಸ್ತಿನ ಕ್ರಮವಾಗಿ ಪೆನ್ಸಿಲ್ವೇನಿಯಾದವರ ವಿಸ್ಕಿ ಪಾಲನ್ನು ಬ್ರಿಗೇಡಿನ ನಾಯಕ ಫೆರೆರೊ ತಡೆಹಿಡಿದಿದ್ದನೆಂದೂ, ಸೇತುವೆ ಗೆದ್ದರೆ ಅದನ್ನು ಮರಳಿ ಕೊಡುವಿರಾ ಎಂದು ಸಾಲಿನಿಂದ ಒಬ್ಬ ಸೈನಿಕ ಕೂಗಿ ಕೇಳಿದನೆಂದೂ, ಅವನು ಒಪ್ಪಿದನೆಂದೂ ಆ ರೆಜಿಮೆಂಟಿನವರು ನೆನೆದಿದ್ದಾರೆ. ಈ ಸಲ ರಸ್ತೆಯನ್ನು ಬಿಟ್ಟು, ಸೇತುವೆಗೆ ನೇರ ಎದುರಿರುವ ಗುಡ್ಡದಿಂದ ಇಳಿದು ಬಂದರು. ಪೆನ್ಸಿಲ್ವೇನಿಯಾದವರು ಕಲ್ಲಿನ ಗೋಡೆಯ ಹಿಂದೆ, ನ್ಯೂಯಾರ್ಕಿನವರು ಮರದ ಬೇಲಿಯ ಹಿಂದೆ ಅಡಗಿ ಗುಂಡು ಹಾರಿಸಿ, ಎದುರಿನ ಗುಂಡು ವಿರಳವಾದಾಗ ಎರಡೂ ಬಾವುಟಗಳನ್ನು ಮುಂದಿಟ್ಟುಕೊಂಡು ಒಟ್ಟಿಗೆ ದಾಟಿದರು. ಆ ಗುಡ್ಡವನ್ನು ನೀವೂ ಒಮ್ಮೆ ಇಳಿಯಿರಿ. ಎಷ್ಟು ಹೆಜ್ಜೆ ಬಯಲಿನಲ್ಲಿ ಇಡಬೇಕಾಯಿತು, ಬೇಲಿ ಎಷ್ಟು ಮರೆ ಕೊಡುತ್ತಿತ್ತು ಎಂಬುದು ಕಾಲಿಗೇ ತಿಳಿಯುತ್ತದೆ.

ಸೇತುವೆಯ ಪಕ್ಕದಲ್ಲಿ ಒಂದು ದೊಡ್ಡ ಸಿಕಮೋರ್ ಮರವಿದೆ. ಕದನವಾದ ಕೆಲವೇ ದಿನಗಳಲ್ಲಿ ಛಾಯಾಗ್ರಾಹಕ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಚಿತ್ರದಲ್ಲಿ ಅದೇ ಮರ ಎಳೆಯದಾಗಿ ನಿಂತಿರುವುದು ಕಾಣುತ್ತದೆ. ಆ ಚಿತ್ರದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು, ಕಮಾನು, ಗೋಡೆ, ಮರ ಮೂರೂ ಚಿತ್ರದಲ್ಲಿದ್ದಂತೆ ಹೊಂದುವ ತನಕ ಹಿಂದೆ ಮುಂದೆ ಸರಿದು ನೋಡಿ. ಗಾರ್ಡ್ನರ್ ಕ್ಯಾಮೆರಾ ನಿಲ್ಲಿಸಿದ ಜಾಗ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಹಳೆಯ ಚಿತ್ರಗಳನ್ನು ಹೀಗೆ ನೆಲಕ್ಕೆ ಹೊಂದಿಸಿ ನೋಡುವ ಅಭ್ಯಾಸ ತುಂಬ ಕಲಿಸುತ್ತದೆ, ಆದರೆ ಚಿತ್ರವನ್ನೂ ಪ್ರಶ್ನಿಸಬೇಕು. ಗೆಟಿಸ್‌ಬರ್ಗಿನ ಡೆವಿಲ್ಸ್ ಡೆನ್ ಬಂಡೆಗಳ ನಡುವೆ ಸತ್ತುಬಿದ್ದ ಗುರಿಕಾರನೆಂದು ಗಾರ್ಡ್ನರ್ ಪ್ರಕಟಿಸಿದ ಪ್ರಸಿದ್ಧ ಚಿತ್ರದಲ್ಲಿ, ಶವವನ್ನು ಬೇರೆಡೆಯಿಂದ ಹೊತ್ತು ತಂದು ಹಾಗೆ ಮಲಗಿಸಲಾಗಿತ್ತು.

ನೆಲವನ್ನು ಓದುವಾಗ ಒಂದು ನಿಯಮವನ್ನು ಮರೆಯಬೇಡಿ: ಸೈನಿಕನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಆಂಟೀಟಮಿನ ತಗ್ಗುದಾರಿ ಗಾಡಿಗಳ ಓಡಾಟದಿಂದ ವರ್ಷಗಳ ಕಾಲ ಸವೆದು ಹೊಲದ ಮಟ್ಟಕ್ಕಿಂತ ಕೆಳಗಾಗಿದ್ದ ರಸ್ತೆ. ಅಂದಿನಿಂದ ಅದರ ಹೆಸರು ‘ರಕ್ತದ ಓಣಿ’. ಅದರ ಪಕ್ಕದ ವೀಕ್ಷಣಾ ಗೋಪುರದಿಂದ ನೋಡಿದರೆ ಎದುರಿನ ಹೊಲ ಚಪ್ಪಟೆಯಾಗಿ ಕಾಣುತ್ತದೆ. ರಸ್ತೆಗಿಳಿದು, ಅಲಬಾಮಾ, ಉತ್ತರ ಕೆರೊಲಿನಾದವರು ಕುಳಿತಿದ್ದಂತೆ ಮೊಣಕಾಲೂರಿ ನೋಡಿದರೆ ಅದೇ ಹೊಲ ಮುಂದೆ ಏರಿ ಒಂದು ದಿಣ್ಣೆಯಾಗಿ ನಿಲ್ಲುತ್ತದೆ. ದಿಣ್ಣೆಯ ಆಚೆಯಿಂದ ಬರುವವರು ತೀರ ಹತ್ತಿರ ಬರುವವರೆಗೂ ಕಾಣುವುದೇ ಇಲ್ಲ. ಮೊದಲು ಬಾವುಟದ ತುದಿ, ಆಮೇಲೆ ಟೊಪ್ಪಿ, ಆಮೇಲೆ ಎದೆ. ದಾಳಿಯಿಟ್ಟವರಿಗೂ ಇದೇ ಗತಿ: ದಿಣ್ಣೆಯ ಮೇಲೆ ಬಂದ ಕ್ಷಣದಲ್ಲೇ ಅವರಿಗೆ ಕೋವಿಗಳ ಸಾಲು ಕಂಡದ್ದು. ಸುಮಾರು ಮೂರೂವರೆ ಗಂಟೆಯ ಕಾದಾಟದಲ್ಲಿ ಅಲ್ಲಿ ಎರಡೂ ಕಡೆ ಸೇರಿ 5,500ರಷ್ಟು ಜನ ಬಿದ್ದರು. ಗೋಪುರವನ್ನು ಹತ್ತಬೇಕು, ಆದರೆ ಕೊನೆಯಲ್ಲಿ ಹತ್ತಬೇಕು ಎಂಬುದು ನನ್ನ ಅಭಿಪ್ರಾಯ.

ಫಲಕಗಳಿಗೂ ಒಂದು ಭಾಷೆಯಿದೆ. ಗೆಟಿಸ್‌ಬರ್ಗಿನಲ್ಲಿ ಬ್ರಿಗೇಡಿನ ಕಂಚಿನ ಫಲಕದ ಪೀಠ ಚೌಕವಾಗಿದ್ದರೆ ಅದು ಒಕ್ಕೂಟದ, ಅಂದರೆ ಉತ್ತರದ ಪಡೆ, ದುಂಡಗಿದ್ದರೆ ಕಾನ್ಫೆಡರೇಟ್, ಅಂದರೆ ದಕ್ಷಿಣದ ಪಡೆ. ರೆಜಿಮೆಂಟಿನ ಸ್ಮಾರಕದ ಎರಡು ಬದಿಗೆ ಮೊಣಕಾಲೆತ್ತರದ ಚಿಕ್ಕ ಕಲ್ಲುಗಳು ಇರುತ್ತವೆ. ಅವು ಆ ರೆಜಿಮೆಂಟಿನ ಸಾಲಿನ ಎಡ ಮತ್ತು ಬಲ ತುದಿಗಳು. ಒಂದರಿಂದ ಇನ್ನೊಂದಕ್ಕೆ ನಡೆದು ಹೆಜ್ಜೆ ಎಣಿಸಿದರೆ ಸಾಲಿನ ಉದ್ದ ಗೊತ್ತಾಗುತ್ತದೆ. ಟೆನೆಸ್ಸಿಯ ಶೈಲೋದಲ್ಲಿ ಫಲಕದ ಬಣ್ಣ ಸೇನೆಯನ್ನು ಹೇಳುತ್ತದೆ: ಕೆಂಪು ಕಾನ್ಫೆಡರೇಟರದು, ನೀಲಿ ಒಕ್ಕೂಟದ ಜನರಲ್ ಗ್ರಾಂಟನ ಸೇನೆಯದು, ಹಳದಿ ಅವನ ನೆರವಿಗೆ ಬಂದ ಬ್ಯೂಯಲ್‌ನ ಸೇನೆಯದು. ಆಂಟೀಟಮಿನಲ್ಲಿ ಬಾಯಿ ಕೆಳಗಾಗಿ ನೆಟ್ಟ ಆರು ಫಿರಂಗಿಗಳು ಆರು ಜನರಲ್‌ಗಳು ಸತ್ತ ಅಥವಾ ಮಾರಣಾಂತಿಕವಾಗಿ ಗಾಯಗೊಂಡ ತಾಣಗಳು. ಸಾಲಾಗಿ ನಿಂತ ಫಿರಂಗಿಗಳ ಎದುರಿಗೆ ಹೋಗಿ ಬಾಯಿಯ ಅಂಚನ್ನೂ ನೋಡಿ. ತಯಾರಾದ ವರ್ಷ, ತೂಕ, ಎರಕದ ಕಾರ್ಖಾನೆಯ ಮತ್ತು ಪರೀಕ್ಷಕನ ಹೆಸರಿನ ಮೊದಲಕ್ಷರಗಳು ಹಲವದರ ಮೇಲೆ ಇಂದಿಗೂ ಸ್ಪಷ್ಟವಾಗಿವೆ. ಹಸಿರುಗಟ್ಟಿದ ಕಂಚಿನದು ಬಹುಪಾಲು ನೆಪೋಲಿಯನ್ ಎಂಬ ಮಾದರಿಯ ಫಿರಂಗಿ. ಹಿಂಬದಿಗೆ ದಪ್ಪ ಕಬ್ಬಿಣದ ಪಟ್ಟಿ ಬಿಗಿದದ್ದು ಪ್ಯಾರಟ್ ಎಂಬ ಮಾದರಿ.

ಸೈನಿಕನನ್ನು ಹುಡುಕುವ ಕೆಲಸಕ್ಕೆ ತಾಳ್ಮೆ ಬೇಕು. ನ್ಯಾಷನಲ್ ಪಾರ್ಕ್ ಸರ್ವಿಸ್ ನಡೆಸುವ ‘ಸೋಲ್ಜರ್ಸ್ ಅಂಡ್ ಸೇಲರ್ಸ್’ ದತ್ತಾಂಶದಲ್ಲಿ 63 ಲಕ್ಷ ಹೆಸರಿನ ನಮೂದುಗಳಿವೆ. ಹೆಸರು ಮತ್ತು ರೆಜಿಮೆಂಟನ್ನು ಅಲ್ಲಿ ಖಚಿತಪಡಿಸಿಕೊಂಡು ಮುಂದುವರಿಯಬೇಕು. ನಮೂದುಗಳ ಸಂಖ್ಯೆ ಸೈನಿಕರ ಸಂಖ್ಯೆಗಿಂತ ಹೆಚ್ಚಿರುವುದಕ್ಕೆ ಕಾರಣವಿದೆ: ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರಿಂದ ಒಬ್ಬನೇ ಸೈನಿಕ ಎರಡು ಮೂರು ಕಾಗುಣಿತಗಳಲ್ಲಿ ಸಿಗುತ್ತಾನೆ. 1862ರ ಡಿಸೆಂಬರಿನ ಫ್ರೆಡರಿಕ್ಸ್‌ಬರ್ಗ್ ಕದನದ ಗಾಯಾಳುಗಳ ಪಟ್ಟಿಯಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ‘ವಿಟ್ಮೋರ್’ ಎಂದು ಅಚ್ಚುಹಾಕಿತ್ತು. ಅದು ತಮ್ಮನೇ ಇರಬೇಕೆಂದು ಊಹಿಸಿದ ವಾಲ್ಟ್ ವಿಟ್ಮನ್ ವರ್ಜೀನಿಯಾಕ್ಕೆ ಧಾವಿಸಿ, ಕೆನ್ನೆಗೆ ಸಣ್ಣ ಗಾಯವಾಗಿದ್ದ ಜಾರ್ಜನನ್ನು ಕಂಡುಹಿಡಿದ. ಮನೆಯವರನ್ನೇ ತಬ್ಬಿಬ್ಬುಮಾಡಿದ ಕಾಗುಣಿತ ನಮ್ಮನ್ನು ಬಿಟ್ಟೀತೆ? ಹೆಸರನ್ನು ಹೇಗೆಲ್ಲ ತಪ್ಪಾಗಿ ಬರೆಯಬಹುದೋ ಹಾಗೆಲ್ಲ ಬರೆದು ಹುಡುಕಿ.

ಮುಂದಿನ ಮೆಟ್ಟಿಲು ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್, ಅಂದರೆ ರಾಷ್ಟ್ರೀಯ ದಾಖಲಾಲಯ. ಅಲ್ಲಿನ ಸೇವಾ ದಾಖಲೆಯಲ್ಲಿ ಪ್ರತಿ ಎರಡು ತಿಂಗಳ ಹಾಜರಿ ಪಟ್ಟಿಯಿಂದ ಒಬ್ಬೊಬ್ಬ ಸೈನಿಕನ ವಿವರವನ್ನು ಚಿಕ್ಕ ಚೀಟಿಗಳ ಮೇಲೆ ನಕಲು ಮಾಡಿಟ್ಟಿದ್ದಾರೆ: ಹಾಜರಿದ್ದನೇ, ಆಸ್ಪತ್ರೆಯಲ್ಲಿದ್ದನೇ, ಸೆರೆಯಲ್ಲಿದ್ದನೇ, ಓಡಿಹೋದನೇ. ಎತ್ತರ, ಕಣ್ಣು ಕೂದಲಿನ ಬಣ್ಣ, ಹುಟ್ಟೂರು, ಕಸುಬುಗಳೂ ಹಲವರ ವಿಷಯದಲ್ಲಿ ಸಿಗುತ್ತವೆ. ಆದರೆ ಮನುಷ್ಯ ನಿಜವಾಗಿ ಕಾಣಿಸುವುದು ಪಿಂಚಣಿ ಕಡತದಲ್ಲಿ. ಮದುವೆಯಾದದ್ದಕ್ಕೆ ಸಾಕ್ಷ್ಯ ಬೇಕೆಂದಾಗ ವಿಧವೆಯರು ಕುಟುಂಬದ ಬೈಬಲಿನ ಹಾಳೆಯನ್ನು ಹರಿದು ಕಳಿಸಿದ್ದುಂಟು. ಮಗನೇ ಮನೆಯ ಆಧಾರವಾಗಿದ್ದ ಎಂದು ತೋರಿಸಲು ತಾಯಂದಿರು ಅವನ ಪತ್ರಗಳನ್ನೇ ಕಳಿಸಿದ್ದುಂಟು, ಮತ್ತು ಆ ಪತ್ರಗಳು ಕಡತದಲ್ಲೇ ಉಳಿದವು. ಪಿಂಚಣಿ ಕಡತ ಬೇಕಾದರೆ 85ನೇ ನಮೂನೆ, ಸೇವಾ ದಾಖಲೆ ಬೇಕಾದರೆ 86ನೇ ನಮೂನೆಯಲ್ಲಿ ಕೇಳಬೇಕು. ಒಂದನ್ನೇ ತರಿಸುವುದಾದರೆ ಪಿಂಚಣಿಯದನ್ನು ತರಿಸಿ. ಕಾನ್ಫೆಡರೇಟ್ ಸೈನಿಕರಿಗೆ ಕೇಂದ್ರದ ಪಿಂಚಣಿ ಇರಲಿಲ್ಲ. ದಕ್ಷಿಣದ ರಾಜ್ಯಗಳು ಕೊಟ್ಟವು, ಅದೂ ಅವನು ಸೇವೆ ಸಲ್ಲಿಸಿದ ರಾಜ್ಯವಲ್ಲ, ಮುದಿಪ್ರಾಯದಲ್ಲಿ ವಾಸವಿದ್ದ ರಾಜ್ಯ. ಆದ್ದರಿಂದ ಆ ರಾಜ್ಯದ ದಾಖಲಾಲಯದಲ್ಲಿ ಹುಡುಕಬೇಕು.

ಸುಮಾರು 1,79,000 ಕಪ್ಪು ಸೈನಿಕರು ಒಕ್ಕೂಟದ ಸೇನೆಯಲ್ಲಿ ಕಾದಿದರು. 1863ರಿಂದೀಚೆಗಷ್ಟೇ ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡಿದ್ದರಿಂದ ಆಂಟೀಟಮಿನಲ್ಲಿ ಅವರ ರೆಜಿಮೆಂಟುಗಳಿಲ್ಲ. ವರ್ಜೀನಿಯಾದ ಪೀಟರ್ಸ್‌ಬರ್ಗ್, ನ್ಯೂ ಮಾರ್ಕೆಟ್ ಹೈಟ್ಸ್, ಲೂಸಿಯಾನಾದ ಪೋರ್ಟ್ ಹಡ್ಸನ್‌ಗಳಲ್ಲಿ ನೋಡಬೇಕು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಸಂಬಳವಿದ್ದಾಗ ಇವರಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ. 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನವರು ಈ ಕೀಳು ಸಂಬಳವನ್ನು ಮುಟ್ಟದೆ ತಿಂಗಳುಗಟ್ಟಲೆ ಕಾಸಿಲ್ಲದೆ ಕಾದಿದರು. 1864ರ ಜೂನ್‌ನಲ್ಲಿ ಸಂಸತ್ತು ಸಮಾನ ಸಂಬಳಕ್ಕೆ ಒಪ್ಪಿತು. ಗುಲಾಮರಾಗಿದ್ದವರ ಮದುವೆಗೆ ಕಾನೂನಿನ ಮಾನ್ಯತೆಯಾಗಲಿ ಕಾಗದವಾಗಲಿ ಇರಲಿಲ್ಲವಾದ್ದರಿಂದ ಅವರ ವಿಧವೆಯರ ಪಿಂಚಣಿ ಕಡತಗಳಲ್ಲಿ ನೆರೆಹೊರೆಯವರ, ಜೊತೆ ಸೈನಿಕರ ದೀರ್ಘ ಹೇಳಿಕೆಗಳು ತುಂಬಿವೆ. ಬೇರೆಲ್ಲೂ ದಾಖಲಾಗದ ಬದುಕುಗಳು ಅಲ್ಲಿವೆ. ಇಡೀ ದಾಖಲಾಲಯದಲ್ಲಿ ನನಗೆ ಅತ್ಯಂತ ಬೆಲೆಯುಳ್ಳವೆನಿಸುವ ಕಾಗದಗಳು ಅವು.

ರಣಭೂಮಿಯ ಪಕ್ಕದ ಸಮಾಧಿಸ್ಥಳವನ್ನು ಬಿಟ್ಟು ಬರಬೇಡಿ. ಆಂಟೀಟಮಿನ ರಾಷ್ಟ್ರೀಯ ಸಮಾಧಿಸ್ಥಳದಲ್ಲಿ ಈ ಯುದ್ಧದ 4,776 ಒಕ್ಕೂಟ ಸೈನಿಕರಿದ್ದಾರೆ. ಅವರಲ್ಲಿ 1,836 ಜನರ ಹೆಸರು ತಿಳಿದಿಲ್ಲ. ಹೆಸರು ತಿಳಿದವರಿಗೆ ಮೇಲ್ತುದಿ ದುಂಡಗಿರುವ ಅಮೃತಶಿಲೆಯ ಕಲ್ಲು, ತಿಳಿಯದವರಿಗೆ ಅಂಕಿ ಕೊರೆದ ಒಂದು ಗಿಡ್ಡ ಚೌಕಗಲ್ಲು. ಕಾನ್ಫೆಡರೇಟರನ್ನು ಇಲ್ಲಿ ಹೂಳಲಿಲ್ಲ. ಹ್ಯಾಗರ್ಸ್‌ಟೌನ್, ಫ್ರೆಡರಿಕ್, ಶೆಪರ್ಡ್ಸ್‌ಟೌನ್‌ಗಳಲ್ಲಿ ಅವರ ಗೋರಿಗಳಿವೆ. ಕೊರಳಿಗೆ ಹಾಕುವ ಗುರುತಿನ ಬಿಲ್ಲೆ ಸೇನೆಯಿಂದ ಸಿಗುತ್ತಿರಲಿಲ್ಲವಾದ್ದರಿಂದ ಹೆಸರು ಉಳಿಯುವುದು ಯಾರಾದರೊಬ್ಬರು ಬರೆದಿಟ್ಟರೆ ಮಾತ್ರ. ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಸುಮಾರು 13,000 ಒಕ್ಕೂಟ ಸೈನಿಕರು ಸತ್ತರೂ ಹೆಸರಿಲ್ಲದ ಗೋರಿಗಳು ಅಲ್ಲಿ 460 ಮಾತ್ರ. ಸೆರೆಯಾಳಾಗಿದ್ದ ಡೊರೆನ್ಸ್ ಆಟ್‌ವಾಟರ್ ಎಂಬ ಹುಡುಗನಿಗೆ ಸತ್ತವರ ಪಟ್ಟಿ ಬರೆಯುವ ಕೆಲಸ ಬಿದ್ದಿತ್ತು. ಅವನು ಗುಟ್ಟಾಗಿ ಇನ್ನೊಂದು ಪ್ರತಿ ಬರೆದು ಹೊರತಂದ, ಮತ್ತು 1865ರ ಬೇಸಿಗೆಯಲ್ಲಿ ಯುದ್ಧದ ಗಾಯಾಳುಗಳ ಸೇವೆಗೆ ಹೆಸರಾದ ಕ್ಲಾರಾ ಬಾರ್ಟನ್ ಜೊತೆ ಅಲ್ಲಿಗೇ ಮರಳಿ ಗೋರಿ ಗೋರಿಗೆ ಹೆಸರು ಹಾಕಿಸಲು ನೆರವಾದ.

ನೆಲದಲ್ಲಿ ಗುಂಡೋ ಸಮವಸ್ತ್ರದ ಗುಂಡಿಯೋ ಕಣ್ಣಿಗೆ ಬಿದ್ದರೆ ಮುಟ್ಟದೆ, ಜಾಗವನ್ನು ಗುರುತಿಟ್ಟುಕೊಂಡು ಅಲ್ಲಿನ ಸಿಬ್ಬಂದಿಗೆ ತಿಳಿಸಿ. ಕೇಂದ್ರ ಸರ್ಕಾರದ ರಣಭೂಮಿಗಳಲ್ಲಿ ಲೋಹಶೋಧಕ ಬಳಸುವುದೂ ಅಗೆಯುವುದೂ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಯಾವ ಗುಂಡು ಎಲ್ಲಿ ಬಿದ್ದಿತ್ತು ಎಂಬುದರಿಂದಲೇ ಸಾಲುಗಳು ಎಲ್ಲಿದ್ದವೆಂದು ಪುರಾತತ್ತ್ವಜ್ಞರು ಕಂಡುಹಿಡಿಯುವುದು. ಎತ್ತಿ ಜೇಬಿಗಿಟ್ಟ ಗುಂಡು ಬರೀ ಸೀಸದ ಚೂರು. ಸಾಧ್ಯವಾದರೆ ಕದನ ನಡೆದ ತಿಂಗಳಿನಲ್ಲೇ ಹೋಗಿ. ಸೆಪ್ಟೆಂಬರಿನಲ್ಲಿ ಮೆಕ್ಕೆಜೋಳದ ಪೈರು ತಲೆಮಟ್ಟ ನಿಂತಾಗ ಹತ್ತು ಹೆಜ್ಜೆ ಆಚೆಗಿರುವವರು ಕಾಣದಿರುವುದು ಹೇಗೆಂದು ಚಳಿಗಾಲದ ಬೋಳು ಹೊಲದಲ್ಲಿ ತಿಳಿಯುವುದಿಲ್ಲ.

ಆಂಟೀಟಮ್ ಮುಗಿದ ಮೇಲೆ ಮತ್ತೊಂದು ಪ್ರಸಿದ್ಧ ಕದನಕ್ಕೆ ಹಾರುವ ಬದಲು ಅದೇ ರೆಜಿಮೆಂಟಿನ ಹಿಂದೆ ಹೋಗಿ. 51ನೇ ನ್ಯೂಯಾರ್ಕ್ ಅದೇ ಡಿಸೆಂಬರಿನಲ್ಲಿ ಫ್ರೆಡರಿಕ್ಸ್‌ಬರ್ಗಿಗೆ ಹೋಯಿತು, ಮರುವರ್ಷ ಮಿಸಿಸಿಪ್ಪಿಗೆ, ಟೆನೆಸ್ಸಿಗೆ, 1864ರಲ್ಲಿ ಮತ್ತೆ ವರ್ಜೀನಿಯಾಕ್ಕೆ. ಆ ಸೆಪ್ಟೆಂಬರ್ 30ರಂದು ಪೀಟರ್ಸ್‌ಬರ್ಗಿನ ಹತ್ತಿರ, ಪಾಪ್ಲರ್ ಗ್ರೋವ್ ಚರ್ಚಿನ ಬಳಿ, ಜಾರ್ಜ್ ವಿಟ್ಮನ್ ತನ್ನ ರೆಜಿಮೆಂಟಿನ ಬಹುಪಾಲು ಜನರೊಂದಿಗೆ ಸೆರೆಸಿಕ್ಕ. ಆಂಟೀಟಮಿನ ಸೇತುವೆಯನ್ನು ದಾಟಿದವರಲ್ಲಿ ಅಲ್ಲಿಯವರೆಗೆ ಯಾರು ಯಾರು ಉಳಿದಿದ್ದರು ಎಂಬುದನ್ನು ಹಾಜರಿ ಚೀಟಿಗಳಲ್ಲಿ ಒಬ್ಬೊಬ್ಬರಾಗಿ ಹುಡುಕಿ ಬರೆದುಕೊಳ್ಳಿ.